ನಿಷ್ಕ್ರಿಯ ಘಟಕ: ನಿದ್ದೆ ಗುಳಿಗೆಯ ಬಹುಪಾಲು ಯಾವುದು?

ಕಲಬುರಗಿಯ ಯಾವುದೇ ಮೆಡಿಕಲ್ ಅಂಗಡಿಯಲ್ಲಿ ವೈದ್ಯರ ಚೀಟಿ ತೋರಿಸಿ ಪಡೆದ ಜೋಲ್ಪಿಡೆಮ್ ಎಂಬ ನಿದ್ದೆ ಗುಳಿಗೆಯ ಪಟ್ಟಿಯನ್ನು ಹಿಂದೆ ತಿರುಗಿಸಿದರೆ, ಔಷಧದ ಹೆಸರು ಮತ್ತು ‘10 ಮಿ.ಗ್ರಾಂ’ ಎಂಬ ಪ್ರಮಾಣದ ಕೆಳಗೆ ‘ಎಕ್ಸಿಪಿಯೆಂಟ್ಸ್ ಕ್ಯೂ.ಎಸ್.’ ಎಂಬ ತುಂಡು ಸಾಲೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ಕ್ಯೂ.ಎಸ್. ಎಂದರೆ ಬೇಕಾದಷ್ಟು. ನಿದ್ದೆ ತರಿಸುವ ರಾಸಾಯನಿಕವು ಸಕ್ರಿಯ ಘಟಕ. ಅದನ್ನು ನುಂಗಬಹುದಾದ ರೂಪಕ್ಕೆ ತರಲು, ಕೆಡದಂತೆ ಕಾಪಾಡಲು ಮತ್ತು ಸರಿಯಾದ ಹೊತ್ತಿಗೆ ದೇಹದೊಳಗೆ ಬಿಡುಗಡೆಯಾಗುವಂತೆ ಮಾಡಲು ಸೇರಿಸುವ ಉಳಿದೆಲ್ಲ ಪದಾರ್ಥಗಳು ನಿಷ್ಕ್ರಿಯ ಘಟಕಗಳು. ಔಷಧ ಕಾರ್ಖಾನೆಗಳಲ್ಲಿ ಇವನ್ನು ಎಕ್ಸಿಪಿಯೆಂಟ್ ಎಂದೇ ಕರೆಯುತ್ತಾರೆ.

ಹತ್ತು ಮಿಲಿಗ್ರಾಂ ಎಂಬುದು ಒಂದು ಚಿಟಿಕೆ ಉಪ್ಪಿನ ಸಣ್ಣ ಪಾಲು ಮಾತ್ರ. ಅಷ್ಟನ್ನೇ ಯಂತ್ರದಲ್ಲಿ ಒತ್ತಿ ಗುಳಿಗೆ ಮಾಡಲಾಗದು, ಮಾಡಿದರೂ ಬೆರಳಿಗೆ ಸಿಗದು. ಹೀಗಾಗಿ ಅದಕ್ಕೆ ಗಾತ್ರ ಕೊಡಲು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನೂ, ಪುಡಿ ಒಂದಕ್ಕೊಂದು ಹಿಡಿದುಕೊಳ್ಳಲು ಸಸ್ಯನಾರಿನಿಂದ ತೆಗೆದ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸನ್ನೂ ಬೆರೆಸುತ್ತಾರೆ. ಪಿಷ್ಟದಿಂದ ಮಾಡಿದ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ನೀರು ತಾಗಿದೊಡನೆ ಉಬ್ಬಿ ಗುಳಿಗೆಯನ್ನು ಒಡೆಯುತ್ತದೆ. ಹಾಸಿಗೆಗೆ ಹೋಗುವ ಹೊತ್ತಿಗೆ ನುಂಗಿದ ಔಷಧವು ಬೇಗ ಕರಗುವುದು ಇದರಿಂದಾಗಿ. ಮೆಗ್ನೀಸಿಯಂ ಸ್ಟಿಯರೇಟ್ ಇರುವುದು ಪುಡಿಯು ಯಂತ್ರದ ಅಚ್ಚಿಗೆ ಅಂಟದಿರಲಿ ಎಂದು. ಆದರೆ ಅದು ನೀರನ್ನು ದೂರವಿಡುವ ಜಿಡ್ಡಿನ ಪದಾರ್ಥವಾದ್ದರಿಂದ, ಪ್ರಮಾಣ ಸ್ವಲ್ಪ ಹೆಚ್ಚಾದರೂ, ಬೆರೆಸುವ ಸಮಯ ಸ್ವಲ್ಪ ಉದ್ದವಾದರೂ ಗುಳಿಗೆ ಕರಗುವುದು ತಡವಾಗುತ್ತದೆ. ಹೊರಗಿನ ತೆಳುವಾದ ಲೇಪ ಸೆಲ್ಯುಲೋಸಿನಿಂದಲೇ ಮಾಡುವ ಹೈಪ್ರೊಮೆಲೋಸಿನದು, ಅದರ ಬಿಳುಪು ಟೈಟಾನಿಯಂ ಡೈಆಕ್ಸೈಡಿನದು. ಇಷ್ಟೆಲ್ಲ ಕೆಲಸ ಮಾಡುವವುಗಳಿಗೆ ನಿಷ್ಕ್ರಿಯ ಎಂದು ಹೆಸರಿಟ್ಟಿರುವುದು ತುಸು ಅನ್ಯಾಯವೇ ಸರಿ.

ದೇಹದ ಮಟ್ಟಿಗೂ ಇವು ಎಲ್ಲರಿಗೂ ನಿರುಪದ್ರವಿಗಳಲ್ಲ. ಅಮೆರಿಕದ ಎಂಐಟಿ ಮತ್ತು ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನುಂಗುವ ಔಷಧಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ, ಕೆಲವರಲ್ಲಾದರೂ ಅಲರ್ಜಿ ಅಥವಾ ಹೊಟ್ಟೆಯ ತೊಂದರೆ ತರಬಲ್ಲ ಒಂದಾದರೂ ನಿಷ್ಕ್ರಿಯ ಘಟಕವಿರುತ್ತದೆ. ಹಾಲು ಜೀರ್ಣವಾಗದವರಿಗೆ ಒಂದು ಗುಳಿಗೆಯಲ್ಲಿರುವ ಲ್ಯಾಕ್ಟೋಸ್ ಸಾಮಾನ್ಯವಾಗಿ ಬಾಧಿಸುವಷ್ಟು ಇರುವುದಿಲ್ಲ. ದಿನಕ್ಕೆ ಏಳೆಂಟು ಬಗೆಯ ಗುಳಿಗೆ ನುಂಗುವ ಹಿರಿಯರ ವಿಷಯ ಬೇರೆ. ಕಂಪನಿ ಬದಲಾದಾಗ ‘ಅದೇ ಔಷಧ, ಆದರೆ ಹೊಟ್ಟೆ ಉಬ್ಬರಿಸುತ್ತದೆ’ ಎಂದು ದೂರುವವರ ಮಾತನ್ನು ವೈದ್ಯರು ಭ್ರಮೆಯೆಂದು ತಳ್ಳಿಹಾಕಬಾರದು, ಏಕೆಂದರೆ ಒಂದೇ ಔಷಧದಲ್ಲಿಯೂ ಕಂಪನಿಯಿಂದ ಕಂಪನಿಗೆ ಬದಲಾಗುವುದು ಈ ಭಾಗವೇ.

ವ್ಯಾಪಾರದ ದೃಷ್ಟಿಯಿಂದಲೂ ಈ ಬದಲಾಗುವ ಭಾಗವೇ ಮುಖ್ಯ. ಸಕ್ರಿಯ ಅಣುವಿನ ಪೇಟೆಂಟ್ ಮುಗಿದ ಮೇಲೆ ಅದನ್ನು ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ, ಪೈಪೋಟಿಯು ಅಣುವಿನಿಂದ ಸರಿದು ಅದನ್ನು ಹೊತ್ತು ತರುವ ಪದಾರ್ಥಗಳಿಗೆ ಬರುತ್ತದೆ. ಜೋಲ್ಪಿಡೆಮ್‌ನ ಇತಿಹಾಸ ಇದಕ್ಕೆ ಒಳ್ಳೆಯ ಪಾಠ. ಅಂಬಿಯೆನ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1992ರಲ್ಲಿ; ಇತರ ಕಂಪನಿಗಳ ಅಗ್ಗದ ಗುಳಿಗೆಗಳು ಅಲ್ಲಿನ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. ಅದಕ್ಕೆ ಮುಂಚೆಯೇ, 2005ರಲ್ಲಿ, ಮೂಲ ಕಂಪನಿಯು ಎರಡು ಪದರಗಳ ಗುಳಿಗೆಯೊಂದಕ್ಕೆ ಅನುಮತಿ ಪಡೆದಿತ್ತು. ಮೊದಲ ಪದರ ಕೂಡಲೇ ಕರಗಿ ನಿದ್ದೆ ಹತ್ತಿಸಿದರೆ, ಹೈಪ್ರೊಮೆಲೋಸ್ ಹೆಚ್ಚಿರುವ ಎರಡನೆಯದು ನಿಧಾನವಾಗಿ ಕರಗಿ ನಡುರಾತ್ರಿಯ ಎಚ್ಚರವನ್ನು ತಡೆಯಬೇಕೆಂಬುದು ಲೆಕ್ಕಾಚಾರ. 2011ರಲ್ಲಿ ಇಂಟರ್‌ಮೆಝೊ ಎಂಬ ಮತ್ತೊಂದು ರೂಪಕ್ಕೆ ಅನುಮತಿ ಸಿಕ್ಕಿತು: ನಡುರಾತ್ರಿ ಎಚ್ಚರವಾದವರು ನಾಲಗೆಯಡಿ ಇಟ್ಟುಕೊಳ್ಳುವ ಸಣ್ಣ ಗುಳಿಗೆ. ಬಾಯಿಯ ಒಳಪೊರೆಯ ಮೂಲಕ ಔಷಧ ಬೇಗ ರಕ್ತ ಸೇರಲೆಂದು ಅದರಲ್ಲಿ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಲವಣಗಳನ್ನು ಬೆರೆಸಲಾಗಿತ್ತು. ಮೂರೂ ಗುಳಿಗೆಗಳಲ್ಲಿ ಅಣು ಒಂದೇ. ವ್ಯತ್ಯಾಸವೆಲ್ಲ ಪ್ರಮಾಣದಲ್ಲಿ ಮತ್ತು ‘ನಿಷ್ಕ್ರಿಯ’ ಘಟಕಗಳಲ್ಲಿ. ರೊಹಿಪ್ನಾಲ್ ಎಂಬ ಪ್ರಬಲ ನಿದ್ದೆಯ ಔಷಧದ ಕಥೆ ಇನ್ನೊಂದು ಬಗೆಯದು. ಅದನ್ನು ಇತರರ ಪಾನೀಯದಲ್ಲಿ ಗುಟ್ಟಾಗಿ ಬೆರೆಸುವ ದುಷ್ಕೃತ್ಯಗಳು ನಡೆದ ಮೇಲೆ, 1990ರ ದಶಕದ ಕೊನೆಯಲ್ಲಿ ತಯಾರಕರು ಗುಳಿಗೆಯೊಳಗೆ ನೀಲಿ ಬಣ್ಣ ಸೇರಿಸಿ, ಬೆರೆಸಿದರೆ ಕಣ್ಣಿಗೆ ಬೀಳುವಂತೆ ಮಾಡಿದರು.

ಇನ್ನು ನಮ್ಮ ಭಾಗಕ್ಕೆ ಬರುವುದಾದರೆ, ಯಾದಗಿರಿ ಜಿಲ್ಲೆಯ ಕಡೇಚೂರು, ಬೀದರ್ ಜಿಲ್ಲೆಯ ಕೊಳಾರ ಮತ್ತು ಹುಮನಾಬಾದ್ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಇಲ್ಲಿಯವರೆಗಿನ ಒಲವು ಬಹುಮಟ್ಟಿಗೆ ಸಕ್ರಿಯ ಘಟಕಗಳ ಮತ್ತು ಅವುಗಳ ಮಧ್ಯವರ್ತಿ ರಾಸಾಯನಿಕಗಳ ಕಡೆಗೇ ಇದೆ. ದುರ್ವಾಸನೆ ಮತ್ತು ತ್ಯಾಜ್ಯ ನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳವರ ದೂರುಗಳೂ ಅದರ ಜೊತೆಗೇ ಬಂದಿವೆ. ನಿಷ್ಕ್ರಿಯ ಘಟಕಗಳ ಕಚ್ಚಾವಸ್ತು ಮಾತ್ರ ನಮ್ಮ ಹೊಲಗಳಲ್ಲಿಯೇ ಇದೆ ಎಂಬುದನ್ನು ಗಮನಿಸಬೇಕು. ಯಾದಗಿರಿ ಮತ್ತು ಕಲಬುರಗಿಯಲ್ಲಿ ಹತ್ತಿ ಬೆಳೆಯುತ್ತಾರೆ. ಅರಳೆ ತೆಗೆದ ಮೇಲೆ ಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನೂಲು ಬಹುಪಾಲು ಸೆಲ್ಯುಲೋಸೇ ಆಗಿದ್ದು, ಅದರಿಂದ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸನ್ನೂ ಹೈಪ್ರೊಮೆಲೋಸನ್ನೂ ತಯಾರಿಸಬಹುದು. ಪ್ರಾಣಿಜನ್ಯ ಜೆಲಾಟಿನ್ ಕ್ಯಾಪ್ಸೂಲುಗಳನ್ನು ಬೇಡವೆನ್ನುವ ಗ್ರಾಹಕರು ಎಲ್ಲೆಡೆ ಇರುವುದರಿಂದ ಹೈಪ್ರೊಮೆಲೋಸ್ ಕ್ಯಾಪ್ಸೂಲಿಗೆ ತನ್ನದೇ ಆದ ಬೇಡಿಕೆಯಿದೆ. ಬೀದರಿನ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯಲ್ಲಿಯೂ ಸೆಲ್ಯುಲೋಸ್ ಇದೆ. ಆದರೆ ಅದನ್ನು ಬಿಟ್ಟಿ ತ್ಯಾಜ್ಯವೆಂದು ಲೆಕ್ಕ ಹಾಕುವುದು ಸರಿಯಲ್ಲ: ಕಾರ್ಖಾನೆಗಳು ಬಾಯ್ಲರಿಗೆ ಮತ್ತು ವಿದ್ಯುತ್ತಿಗೆ ಉರಿಸುವುದು ಅದನ್ನೇ. ಜೊತೆಗೆ ನಾರನ್ನು ಆಮ್ಲದಲ್ಲಿ ಕುದಿಸಿ ತೊಳೆಯುವ ಈ ಕೆಲಸವೂ ತ್ಯಾಜ್ಯ ನೀರನ್ನು ಹೊರಬಿಡುತ್ತದೆ.

ನಿಜವಾದ ಅಡ್ಡಿ ಇರುವುದು ದರ್ಜೆಯಲ್ಲಿ. ಔಷಧಕ್ಕೆ ಹೋಗುವ ಪಿಷ್ಟವಾಗಲಿ, ಸೆಲ್ಯುಲೋಸ್ ಆಗಲಿ ಭಾರತೀಯ ಔಷಧಕೋಶವಾದ ಐಪಿಯ ಪರೀಕ್ಷೆಗಳಲ್ಲಿ, ತೇವಾಂಶ, ಲೋಹಾಂಶ, ಸೂಕ್ಷ್ಮಾಣುಗಳ ಸಂಖ್ಯೆ ಎಲ್ಲದರಲ್ಲಿಯೂ, ಪ್ರತಿ ಬ್ಯಾಚಿನಲ್ಲಿ ಒಂದೇ ರೀತಿ ತೇರ್ಗಡೆಯಾಗಬೇಕು. ಈ ಕಟ್ಟುನಿಟ್ಟಿಗೆ ಕಾರಣವಿದೆ: 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಔಷಧದಿಂದಲ್ಲ, ಅದನ್ನು ಕರಗಿಸಲು ಬಳಸಿದ ಡೈಎಥಿಲೀನ್ ಗ್ಲೈಕಾಲ್‌ನಿಂದ. ಪೂರೈಕೆದಾರರನ್ನು ಬದಲಿಸಿದರೆ ಗುಳಿಗೆ ಕರಗುವ ವೇಗವನ್ನೂ ಬಾಳಿಕೆಯನ್ನೂ ಮತ್ತೆ ಪರೀಕ್ಷಿಸಬೇಕಾಗುವುದರಿಂದ, ಔಷಧ ಕಂಪನಿಗಳು ಹೊಸಬರನ್ನು ಸುಲಭವಾಗಿ ಒಪ್ಪುವುದಿಲ್ಲ. ಒಮ್ಮೆ ಒಪ್ಪಿದರೆ ಸುಲಭವಾಗಿ ಬಿಡುವುದೂ ಇಲ್ಲ. ನನ್ನ ಅಂದಾಜಿನಲ್ಲಿ, ಈ ಭಾಗದ ಹೊಸ ಘಟಕವೊಂದಕ್ಕೆ ಮೊದಲ ಗಿರಾಕಿ ಜೋಲ್ಪಿಡೆಮ್ ತಯಾರಕರಾಗುವುದು ಕಷ್ಟ. ಚೀಟಿಯಿಲ್ಲದೆ ನಿದ್ದೆಗೆಂದು ಮಾರಾಟವಾಗುವ ಅಶ್ವಗಂಧದಂತಹ ಗುಳಿಗೆ ಮತ್ತು ಕ್ಯಾಪ್ಸೂಲುಗಳ ತಯಾರಕರಿಗೂ ಇದೇ ಪಿಷ್ಟ, ಇದೇ ಸೆಲ್ಯುಲೋಸ್ ಬೇಕಾಗುವುದರಿಂದ, ಅವರಿಂದ ಆರಂಭಿಸುವುದು ಹೆಚ್ಚು ಕಾರ್ಯಸಾಧ್ಯ.