ನೇಪಾಳದ ಗಡಿ ನಡೆದು ದಾಟೋಕೆ ಆಧಾರ್ ಸಾಕಲ್ವಾ ಸರ್?

"ಸರ್, ನಾವು ನಾಲ್ಕು ಜನ ಫ್ರೆಂಡ್ಸ್. ಬೆಂಗಳೂರಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸುನೌಲಿಗೆ ಬಸ್ಸು, ಆಮೇಲೆ ಗಡಿ ನಡೆದೇ ದಾಟಿ ಲುಂಬಿನಿ, ಪೋಖರಾ ನೋಡಿಕೊಂಡು ಬರೋಣ ಅಂತ ಇದ್ದೀವಿ. ನಡೆದು ದಾಟೋದು ಸೇಫಾ? ಆಧಾರ್ ಕಾರ್ಡ್ ಸಾಕಲ್ವಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹೇಳಿದ್ದೇನೆ, ಮದುವೆಮನೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿನಲ್ಲಿ ಹೇಳಿದ್ದೇನೆ, ಒಮ್ಮೆ ಮೆಟ್ರೋದಲ್ಲಿ ವಿಜಯನಗರದಿಂದ ಮೆಜೆಸ್ಟಿಕ್ ಬರುವಷ್ಟರಲ್ಲಿ ಪೂರ್ತಿ ಪಾಠವೇ ಮಾಡಿದ್ದೇನೆ. ಆ ಗಡಿಯನ್ನು ಆರು ಸಲ ದಾಟಿದ್ದೇನೆ, ಜೊತೆಗೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಬೇರೆ, ಹಾಗಾಗಿ ಜನ ನನ್ನನ್ನೇ ಹಿಡಿಯುತ್ತಾರೆ. ಇವತ್ತು ಬರೆದಿಟ್ಟುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನಡೆದು ದಾಟುವುದು ಸೇಫಾ? ಹೌದು. ಆಧಾರ್ ಸಾಕಾ? ಸಾಲದು.

ಇಷ್ಟು ಹೇಳಿದ ತಕ್ಷಣ ಬರುವ ಮಾತು ನನಗೆ ಬಾಯಿಪಾಠ. "ಇಲ್ಲ ಸರ್, ನನ್ನ ಕಸಿನ್ ಹೋದ ವರ್ಷ ಆಧಾರ್‌ನಲ್ಲೇ ಹೋಗಿ ಬಂದ, ಯಾರೂ ಏನೂ ಕೇಳಲೇ ಇಲ್ಲ."

ನಿಮ್ಮ ಕಸಿನ್ ಸುಳ್ಳು ಹೇಳುತ್ತಿಲ್ಲ. ಸುನೌಲಿಯಲ್ಲಿ ನೀವು ಬ್ಯಾಗು ಹೊತ್ತು ನಡೆದರೆ ಸಾಮಾನ್ಯವಾಗಿ ಯಾರೂ ಏನೂ ಕೇಳುವುದಿಲ್ಲ. ನಮ್ಮ ಕಡೆ ಗಡಿ ಕಾಯುವ ಎಸ್‌ಎಸ್‌ಬಿ ಪಡೆಯ ಜವಾನ ಒಮ್ಮೆ ಮುಖ ನೋಡುತ್ತಾನೆ, ಮನಸ್ಸಾದರೆ ಬ್ಯಾಗು ಬಿಚ್ಚಿಸುತ್ತಾನೆ, ಅಷ್ಟೇ. ನೀವು ಆಧಾರ್ ತೋರಿಸಿದರೂ ಅಷ್ಟೇ, ಲೈಬ್ರರಿ ಕಾರ್ಡ್ ತೋರಿಸಿದರೂ ಅಷ್ಟೇ. ಅಂದಮೇಲೆ ನಿಮ್ಮ ಕಸಿನ್ "ಆಧಾರ್‌ನಲ್ಲಿ" ಹೋಗಲಿಲ್ಲ. ಜೇಬಿನಲ್ಲಿ ಆಧಾರ್ ಇಟ್ಟುಕೊಂಡು ಹೋದ. ಎರಡಕ್ಕೂ ವ್ಯತ್ಯಾಸ ಇದೆಯಲ್ವಾ? ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳದೆ ಕೂತು, ಚೆಕಿಂಗ್‌ನವರು ಹತ್ತಲಿಲ್ಲ ಅಂದರೆ ಪ್ರಯಾಣ ಉಚಿತ ಅಂತ ಅರ್ಥವಾ?

ಆ ಗಡಿ ಯಾಕೆ ಹಾಗೆ ಬಿಟ್ಟ ಬಾಗಿಲು ಅನ್ನುವುದಕ್ಕೆ ಕಾರಣ ಇದೆ. 1950ರಲ್ಲಿ ಭಾರತ ಮತ್ತು ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದ ಮಾಡಿಕೊಂಡವು. ಎರಡೂ ದೇಶದ ಪ್ರಜೆಗಳು ಆಚೆ ಈಚೆ ಓಡಾಡಬಹುದು, ವೀಸಾ ಬೇಡ. ಗಡಿಯ ಉದ್ದ 1,750 ಕಿಲೋಮೀಟರಿನಷ್ಟು, ಬೇಲಿ ಇಲ್ಲ. ಆಚೆಗೆ ಹೆಣ್ಣು ಕೊಟ್ಟವರು, ಈಚೆಗೆ ಸಂತೆಗೆ ಬರುವವರು ದಿನಾ ಸಾವಿರಾರು ಜನ ದಾಟುತ್ತಾರೆ. ಅವರೆಲ್ಲರ ಕಾರ್ಡು ನೋಡುತ್ತಾ ಕೂತರೆ ಊರೇ ನಿಂತುಹೋಗುತ್ತದೆ. ನೀವು ಆ ಗುಂಪಿನಲ್ಲಿ ಸೇರಿ ದಾಟಿಬಿಡುತ್ತೀರಿ. ಅದು ಆಧಾರ್ ಮಹಿಮೆ ಅಲ್ಲ.

ಹಾಗಾದರೆ ಯಾವುದು ನಡೆಯುತ್ತದೆ? ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ವೋಟರ್ ಐಡಿ. ಮುಗಿಯಿತು. ಕೇಂದ್ರ ಗೃಹ ಸಚಿವಾಲಯ 2017ರಲ್ಲೇ ಆಧಾರ್ ನಡೆಯುವುದಿಲ್ಲ ಅಂತ ಬಿಡಿಸಿ ಹೇಳಿತ್ತು. ಆಮೇಲೆ 2019ರ ಜನವರಿಯಲ್ಲಿ 15 ವರ್ಷಕ್ಕಿಂತ ಚಿಕ್ಕವರು ಮತ್ತು 65 ದಾಟಿದವರು ಆಧಾರ್ ತೋರಿಸಬಹುದು ಅಂತ ಒಂದು ಸಡಿಲಿಕೆ ಕೊಟ್ಟಿತು. ಗಲಾಟೆ ಶುರುವಾಗಿದ್ದೇ ಅಲ್ಲಿ. ಜನ ಓದಿದ್ದು "ನೇಪಾಳಕ್ಕೆ ಆಧಾರ್ ಸಾಕು" ಅನ್ನುವಷ್ಟನ್ನು ಮಾತ್ರ. ವಯಸ್ಸಿನ ವಿಚಾರ ಕೆಳಗಿನ ಸಾಲಿನಲ್ಲಿತ್ತು, ಅಲ್ಲಿತನಕ ಯಾರೂ ಇಳಿಯಲಿಲ್ಲ. ನನ್ನ ವಿದ್ಯಾರ್ಥಿಗಳೂ ಹೀಗೇ, ಪ್ರಶ್ನೆಯನ್ನು ಅರ್ಧ ಓದಿ ಉತ್ತರ ಪೂರ್ತಿ ಬರೆಯುತ್ತಿದ್ದರು.

ಇನ್ನೊಂದು ವಾದ ಇದೆ. "ಆಧಾರ್‌ನಲ್ಲಿ ಬೆರಳಚ್ಚು ಇದೆ, ಕಣ್ಣಿನ ಗುರುತು ಇದೆ, ವೋಟರ್ ಐಡಿಯಲ್ಲಿ ಏನಿದೆ ಸರ್, ಯಾರದೋ ಮುಖದ ಥರ ಇರೋ ಒಂದು ಫೋಟೋ!" ಫೋಟೋ ವಿಷಯ ಒಪ್ಪುತ್ತೇನೆ, ನನ್ನ ಕಾರ್ಡಿನಲ್ಲೂ ಯಾರೋ ಇದ್ದಾರೆ. ಆದರೆ ಗಡಿಯಲ್ಲಿ ಕೇಳುವ ಪ್ರಶ್ನೆ ನೀನು ಯಾರು ಅನ್ನುವುದೊಂದೇ ಅಲ್ಲ, ನೀನು ಯಾವ ದೇಶದ ಪ್ರಜೆ ಅನ್ನುವುದೂ ಹೌದು. ಆಧಾರ್ ಕೊಡುವುದು ಇಲ್ಲಿ ವಾಸ ಮಾಡುವವರಿಗೆ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿದ್ದ ವಿದೇಶಿಯರಿಗೂ ಸಿಗುತ್ತದೆ. ಅದು ಪೌರತ್ವಕ್ಕೆ ಸಾಕ್ಷಿ ಅಲ್ಲ ಅಂತ 2016ರ ಆಧಾರ್ ಕಾಯಿದೆಯಲ್ಲೇ ಬರೆದಿದೆ. ಓಟು ಹಾಕುವ ಹಕ್ಕು ಮಾತ್ರ ಪ್ರಜೆಗಳಿಗಷ್ಟೇ. ಭಾರತೀಯರು ಅನ್ನುವ ಒಂದೇ ಕಾರಣಕ್ಕೆ ವೀಸಾ ಇಲ್ಲದೆ ಒಳಗೆ ಬಿಡುವ ಜಾಗದಲ್ಲಿ ಭಾರತೀಯರು ಅಂತ ಹೇಳದ ಕಾರ್ಡು ಹಿಡಿದರೆ ಏನು ಪ್ರಯೋಜನ? ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್ ಕಥೆಯೂ ಇದೇ.

ಸರಿ, ಯಾರೂ ಕೇಳದೇ ಇದ್ದರೆ ತೊಂದರೆ ಏನು? ತೊಂದರೆ ಹೋಗುವಾಗ ಬರುವುದಿಲ್ಲ. ನನ್ನ ಭಾವಮೈದನನ್ನು ಕೇಳಿ. ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ "ಆಧಾರ್ ಸಾಕು ಸರ್, ನಾವು ಎಷ್ಟು ಜನರನ್ನ ಕಳಿಸಿಲ್ಲ" ಅಂದಿದ್ದ. ವೋಟರ್ ಐಡಿ ಇತ್ತು, ಆದರೆ ತಿಪಟೂರಿನಲ್ಲಿ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಸುನೌಲಿಯಲ್ಲಿ ರಾಜನ ಹಾಗೆ ನಡೆದು ದಾಟಿದ. ಪೋಖರಾ ನೋಡಿದ, ಕಠ್ಮಂಡು ನೋಡಿದ. ರಜೆ ಮುಗಿಯಿತು ಅಂತ ವಾಪಸ್ ಬರಲು ವಿಮಾನ ಬುಕ್ ಮಾಡಿದ. ಕಠ್ಮಂಡು ಏರ್‌ಪೋರ್ಟಿನ ಕೌಂಟರಿನಲ್ಲಿ ಆಧಾರ್ ಚಾಚಿದಾಗ ಅಲ್ಲಿದ್ದ ಹುಡುಗಿ ತಲೆಯನ್ನೂ ಎತ್ತದೆ "ಪಾಸ್‌ಪೋರ್ಟ್ ಆರ್ ವೋಟರ್ ಐಡಿ" ಅಂದಳಂತೆ. ವಿಮಾನ ಹೋಯಿತು, ದುಡ್ಡೂ ಹೋಯಿತು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದೇ ಸಲದ ವಾಪಸ್ ಪ್ರಯಾಣಕ್ಕೆ ಪತ್ರ ಕೊಡುತ್ತಾರೆ, ಆದರೆ ಅದಕ್ಕೆ ಓಡಾಡಬೇಕು, ಅವತ್ತು ಶನಿವಾರ ಬೇರೆ. ಕಡೆಗೆ ಬಸ್ಸು ಹತ್ತಿ ಬಂದ ದಾರಿಯಲ್ಲೇ ಗಡಿಗೆ ಬಂದು, ಗೋರಖಪುರದಿಂದ ಎರಡು ದಿನ ಜನರಲ್ ಬೋಗಿಯಲ್ಲಿ ಕೂತು ಬಂದ. ಆಧಾರ್ ಅಂದರೆ ಈಗಲೂ ಅವನ ಮುಖ ಹುಳ್ಳಗಾಗುತ್ತದೆ.

"ನಾವು ವಾಪಸ್ಸೂ ನಡೆದೇ ಬರ್ತೀವಿ" ಅನ್ನಬೇಡಿ. ಕಾಲು ಮುರಿದು ಆಸ್ಪತ್ರೆ ಸೇರಿದರೆ? ಮೊಬೈಲ್ ಕಳ್ಳತನವಾಗಿ ಠಾಣೆಗೆ ಹೋದರೆ? ಬಿಟ್ಟ ಬಾಗಿಲು ಯಾವತ್ತೂ ಬಿಟ್ಟೇ ಇರುತ್ತದೆ ಅಂತಲೂ ಇಲ್ಲ. ಆ ಕಡೆಯೋ ಈ ಕಡೆಯೋ ಚುನಾವಣೆ ಬಂದರೆ ಎರಡು ಮೂರು ದಿನ ಮುಚ್ಚುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಕಠ್ಮಂಡುವಿನಲ್ಲಿ ಗಲಭೆಯಾಗಿ ಸರ್ಕಾರವೇ ಬಿದ್ದಾಗ ಗಡಿಯಲ್ಲಿ ತಪಾಸಣೆ ಬಿಗಿಯಾಗಿತ್ತು. ಅಂಥ ದಿನ ನಿಮ್ಮನ್ನು ಕಾಯುವುದು ಸರಿಯಾದ ಕಾರ್ಡು ಮಾತ್ರ.

ಬೆಂಗಳೂರಿನವರ ಕಷ್ಟ ನನಗೆ ಗೊತ್ತು. ಹದಿನೈದು ವರ್ಷದಿಂದ ಇಲ್ಲಿದ್ದರೂ ಓಟು ಮಾತ್ರ ಊರಿನಲ್ಲಿ. ವಿಳಾಸ ಹಳೆಯದಾದರೂ ಪರವಾಗಿಲ್ಲ, ಊರಿಂದ ಆ ಕಾರ್ಡು ತರಿಸಿಕೊಳ್ಳಿ. ಕಳೆದಿದ್ದರೆ ಫಾರ್ಮ್ 8 ತುಂಬಿ ಇನ್ನೊಂದು ಪಡೆಯಿರಿ, ಅದೇ ಫಾರ್ಮಿನಲ್ಲಿ ವಿಳಾಸವನ್ನೂ ಇಲ್ಲಿಗೆ ಬದಲಾಯಿಸಬಹುದು. ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ, ಕಾರ್ಡು ಕೈಯಲ್ಲಿರಲಿ. 15ರಿಂದ 18ರ ಮಕ್ಕಳಿಗೆ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯ ಗುರುತಿನ ಪತ್ರ ಬೇಕು. ಈ ಪತ್ರಗಳಿಗೆ ನಾನೇ ಹೆಡ್‌ಮಾಸ್ಟರ ಮೇಜಿನ ಮುಂದೆ ನಿಂತಿದ್ದೇನೆ, ರಜೆ ಶುರುವಾಗುವ ಹಿಂದಿನ ದಿನ ಹೋದರೆ ಸಿಗುವುದು ಉಪದೇಶ ಮಾತ್ರ.

ಇನ್ನು ನಡೆಯುವ ವಿಷಯ.

ಗೋರಖಪುರದಿಂದ ಸುನೌಲಿ ನೂರು ಕಿಲೋಮೀಟರಿನ ಹತ್ತಿರ, ಬಸ್ಸಿನಲ್ಲಿ ಮೂರು ಗಂಟೆ. ಬೆಳಿಗ್ಗೆ ಹೊರಡಿ, ಬೆಳಕಿರುವಾಗ ದಾಟಿ. ರೈಲು ತಡವಾಗಿ ಸಂಜೆಯಾದರೆ ಗೋರಖಪುರದಲ್ಲೇ ಉಳಿಯಿರಿ. ರಾತ್ರಿ ದಾಟಬಾರದು ಅನ್ನುವುದು ಕಳ್ಳರ ಭಯಕ್ಕಿಂತ ಲಾರಿಗಳ ಭಯಕ್ಕೆ. ಗಡಿಯ ಮುಂಚೆ ಲಾರಿಗಳು ಕಿಲೋಮೀಟರುಗಟ್ಟಲೆ ಸಾಲು ನಿಂತಿರುತ್ತವೆ, ಅದರ ಸಂದಿಯಲ್ಲಿ ಬೈಕು, ರಿಕ್ಷಾ, ಸೈಕಲ್ಲು, ಮಧ್ಯೆ ನೀವು. ಸಿಲ್ಕ್ ಬೋರ್ಡಿನಲ್ಲಿ ರಸ್ತೆ ದಾಟಿ ಅಭ್ಯಾಸ ಇದ್ದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೂ ಆ ಧೂಳಿನಲ್ಲಿ, ಬೆನ್ನ ಮೇಲೆ ಹದಿನೈದು ಕೆಜಿ ಹೊತ್ತುಕೊಂಡು, ಗೇಟಿನ ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಜವಾನರ, ಚೌಕಿಯ ಫೋಟೋ ಅಂತೂ ಬೇಡವೇ ಬೇಡ.

ಎರಡು ದೇಶದ ನಡುವೆ ಯಾರದ್ದೂ ಅಲ್ಲದ ಒಂದು ಪಟ್ಟಿ ಇದೆ. ಅದಕ್ಕೆ ಅಲ್ಲಿಯವರು ದಶಗಜಾ ಅನ್ನುತ್ತಾರೆ, ಗಡಿಗೆರೆಯಿಂದ ಎರಡೂ ಕಡೆ ಹತ್ತು ಹತ್ತು ಗಜ. ಅದನ್ನು ದಾಟಿದರೆ ಬೇಲಹಿಯಾ, ಅಲ್ಲಿಂದ ನಾಲ್ಕು ಕಿಲೋಮೀಟರಿಗೆ ಭೈರಹವಾ. ಈ ಸ್ವಲ್ಪ ದೂರದಲ್ಲೇ ನಿಮಗೆ ಸಹಾಯ ಮಾಡಲು ಹತ್ತು ಜನ ಬರುತ್ತಾರೆ. ಯಾರಾದರೂ "ಈ ಚೀಲ ಆಚೆ ತನಕ ತಂದುಕೊಡಿ, ಅಲ್ಲಿ ನಮ್ಮವರಿದ್ದಾರೆ" ಅಂದರೆ, ಅಜ್ಜಿಯೇ ಕೇಳಿದರೂ, ಮುಟ್ಟಬೇಡಿ. ಚೀಲ ಯಾರ ಕೈಯಲ್ಲಿದೆಯೋ ಉತ್ತರ ಕೊಡಬೇಕಾದವರು ಅವರೇ. ಗೋರಖಪುರದಲ್ಲೇ ಪೋಖರಾ ತನಕ ಒಂದೇ ಟಿಕೆಟ್ ಮಾರುವವರಿಂದಲೂ ಕೊಳ್ಳಬೇಡಿ, ಆಚೆ ಕಡೆ ಹೋಗಿ ಬಸ್ಸು ಕಣ್ಣಾರೆ ನೋಡಿ ಟಿಕೆಟ್ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ ಸುಲಭ. ನಮ್ಮ 100 ರೂಪಾಯಿಗೆ ಅವರ 160, 1993ರಿಂದ ಇದೇ ದರ. ಅಲ್ಲಿ ನಮ್ಮ ದುಡ್ಡಿಗೆ ಐಸಿ, ಅವರ ದುಡ್ಡಿಗೆ ಎನ್‌ಸಿ ಅನ್ನುತ್ತಾರೆ. ರಿಕ್ಷಾದವನು ಇನ್ನೂರು ಅಂದರೆ ಹತ್ತುವ ಮುಂಚೆ "ಐಸಿನಾ ಎನ್‌ಸಿನಾ" ಅಂತ ಕೇಳಿ. ಇಳಿದ ಮೇಲೆ ಕೇಳಿದರೆ ಯಾವಾಗಲೂ ಐಸಿಯೇ. ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗಿದೆ, 100ರ ನೋಟಿಗೆ ಮಾತ್ರ ಯಾರೂ ತಕರಾರು ಮಾಡಿಲ್ಲ, ಅದನ್ನೇ ಒಯ್ಯಿರಿ. 2024ರಿಂದ ಫೋನ್‌ಪೇ ಅಲ್ಲ, ಫೋನೆಪೇ ಅನ್ನುವ ಅಲ್ಲಿನ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಆದರೆ ನೆಟ್‌ವರ್ಕ್ ಸಿಕ್ಕರೆ ತಾನೇ. ಗಡಿಯಾರ 15 ನಿಮಿಷ ಮುಂದಿಡಿ. ಗಡಿ ಹತ್ತಿರ ಮೊಬೈಲು ಒಮ್ಮೆ ಆ ಟವರ್ ಹಿಡಿಯುತ್ತದೆ, ಒಮ್ಮೆ ಈ ಟವರ್, ಅದರ ಮಾತು ನಂಬಿ ನಾನೇ ಒಂದು ಬಸ್ಸು ಬಿಟ್ಟಿದ್ದೇನೆ.

ಮಳೆಗಾಲದಲ್ಲಿ ಮಾತ್ರ ಬೇಡ. ಗಡಿಗಿಂತ ಆಮೇಲಿನ ಬೆಟ್ಟದ ರಸ್ತೆಯೇ ಅಪಾಯ. 2024ರ ಜುಲೈನಲ್ಲಿ ನಾರಾಯಣಗಢ-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ಜನರ ಸಮೇತ ತ್ರಿಶೂಲಿ ನದಿಗೆ ಹೋದವು, ಅದೂ ಬೆಳಗಿನ ಜಾವ. ರಾತ್ರಿ ಬಸ್ಸಿಗೆ ಹತ್ತಿ ಒಂದು ಲಾಡ್ಜ್ ಬಾಡಿಗೆ ಉಳಿಸುವ ಯೋಚನೆ ಬಿಡಿ. ಪ್ರವಾಸಿ ಪೊಲೀಸರ ನಂಬರು 1144, ಬರೆದಿಟ್ಟುಕೊಳ್ಳಿ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಹೇಳದೆ ಇರಲು ಆಗುತ್ತಿಲ್ಲ. ಕೇಳಲೇಬೇಕಾದವರು ಕೇಳುವುದೇ ಇಲ್ಲ. ಜಯನಗರ, ಮಲ್ಲೇಶ್ವರಂ ಕಡೆಯ ಎಷ್ಟೋ ಮನೆಗಳಲ್ಲಿ ಮಗ ಸೊಸೆ ಅಮೆರಿಕದಲ್ಲಿ, ಮೊಮ್ಮಕ್ಕಳು ಅಲ್ಲೇ ಹುಟ್ಟಿದವರು. ಬೇಸಿಗೆಗೆ ಬಂದಾಗ ಎಲ್ಲರೂ ಸೇರಿ ನೇಪಾಳ. ಅಜ್ಜಿಗೆ 70, ಆಧಾರ್ ನಡೆಯುತ್ತದೆ. ಮಗ ಇನ್ನೂ ಭಾರತದ ಪ್ರಜೆ, ಪಾಸ್‌ಪೋರ್ಟ್ ಇದೆ. ಮೊಮ್ಮಗನ ಹತ್ತಿರ ಓಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡು. ಹೆಸರಿನಲ್ಲಿ ಸಿಟಿಜನ್ ಅಂತ ಇದೆಯಲ್ಲ, ಹಾಗಾಗಿ ಎಲ್ಲರೂ ಒಟ್ಟಿಗೆ ನಡೆದುಬಿಡುತ್ತಾರೆ. ಯಾರೂ ತಡೆಯುವುದಿಲ್ಲ. ಆದರೆ ಓಸಿಐ ಇರುವವರು ವಿದೇಶಿ ಪ್ರಜೆಗಳೇ. ಭಾರತದ ಇಮಿಗ್ರೇಷನ್‌ನಲ್ಲಿ ಹೊರಟ ಮುದ್ರೆ ಹಾಕಿಸಬೇಕು, ಆಚೆ ಹೋಗಿ ನೇಪಾಳದ ವೀಸಾ ಮಾಡಿಸಬೇಕು, 15 ದಿನಕ್ಕೆ 30 ಡಾಲರ್ ಪಾವತಿಸಬೇಕು. ಮುದ್ರೆ ಇಲ್ಲದೆ ಹೋದರೆ ಹುಡುಗ ಭಾರತ ಬಿಟ್ಟಿದ್ದಕ್ಕೂ ದಾಖಲೆ ಇಲ್ಲ, ನೇಪಾಳಕ್ಕೆ ಬಂದಿದ್ದಕ್ಕೂ ಇಲ್ಲ. ಇದರ ಮುಂದೆ ನನ್ನ ಭಾವಮೈದನ ಪಜೀತಿ ಏನೇನೂ ಅಲ್ಲ.

ಆ ಕಚೇರಿಗಳು ಏರ್‌ಪೋರ್ಟಿನ ಹಾಗೆ ದಾರಿಗೆ ಅಡ್ಡ ನಿಂತಿರುವುದಿಲ್ಲ. ರಸ್ತೆ ಪಕ್ಕ ಅಂಗಡಿಗಳ ನಡುವೆ ಕೂತಿರುತ್ತವೆ, ಬೋರ್ಡು ನೋಡದಿದ್ದರೆ ಸೀದಾ ದಾಟಿಹೋಗುತ್ತೀರಿ. ಎರಡೂ ಕಡೆ ನೀವೇ ಕೇಳಿಕೊಂಡು ಹುಡುಕಿಕೊಂಡು ಹೋಗಬೇಕು. ಮೊಮ್ಮಗನ ಕೆಲಸ ಮುಗಿಯುವ ತನಕ ಅಜ್ಜಿಯನ್ನು ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಅಲ್ಲಿ ಬೈ-ಟು ಕೊಡುವುದಿಲ್ಲ ಅಂತ ಮುಂಚೆಯೇ ಹೇಳಿಬಿಡಿ.