ಎಣ್ಣೆಬಾವಿ ನಿಂತಿರುವುದು ಪೈಪಿನ ಬಲದಿಂದಲ್ಲ

ಪ್ರಶ್ನೆ: ನಮ್ಮ ತೋಟದ ಬೋರಿಗೆ ಎಂಬತ್ತು ಅಡಿ ಕೇಸಿಂಗ್ ಹಾಕಿದರು, ಕೆಳಗೆಲ್ಲ ಬರೀ ಬಂಡೆ. ಎಣ್ಣೆಬಾವಿಗೆ ಮಾತ್ರ ಅಷ್ಟು ಆಳಕ್ಕೂ ಉಕ್ಕಿನ ಪೈಪು ಯಾಕೆ? – ಸೋಮವಾರಪೇಟೆಯ ಓದುಗರು

ಉತ್ತರ: ಬೋರ್ ಗಾಡಿಗಳು ತೋಟ ಹತ್ತುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ನಿಮ್ಮ ಕೇಸಿಂಗ್ ಇರುವುದು ಮೇಲಿನ ಮಣ್ಣು, ಪುಡಿಗಲ್ಲು ಜಾರದಿರಲಿ ಎಂದು. ಕೆಳಗಿನ ಬಂಡೆಗೆ ಆಸರೆ ಬೇಡ. ಎಣ್ಣೆಯ ಜಾಗದಲ್ಲಿರುವುದು ಅಷ್ಟು ಗಟ್ಟಿಯಲ್ಲದ ಜೇಡಿಗಲ್ಲು, ಮರಳುಗಲ್ಲು. ಆಳವೂ ಸಾವಿರಾರು ಮೀಟರು.

ಆದರೆ "ಪೈಪು ದಪ್ಪ ಇದ್ದರೆ ಬಾವಿ ಕುಸಿಯಲ್ಲ" ಎಂಬ ನಂಬಿಕೆ ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಕೊರೆಯುವಾಗ ಅಲ್ಲಿ ಕೇಸಿಂಗ್ ಪೈಪೇ ಇರುವುದಿಲ್ಲವಲ್ಲ! ಒಂದು ಹಂತ ಕೊರೆದು ಮುಗಿದ ಮೇಲೆ ಕೇಸಿಂಗ್ ಇಳಿಸಿ ಅದರ ಸುತ್ತ ಸಿಮೆಂಟು ತುಂಬುತ್ತಾರೆ. ಅಲ್ಲಿಯವರೆಗೆ ಗೋಡೆ ಹಿಡಿದಿರುವುದು ಮಡ್, ಅಂದರೆ ಬೆಂಟೊನೈಟ್ ಜೇಡಿ, ತೂಕ ಕೊಡುವ ಬರೈಟ್ ಕಲ್ಲಿನ ಪುಡಿ ಕಲಸಿದ ಕೆಸರು. (ಬರೈಟ್ ದೂರದ್ದೇನಲ್ಲ, ಆಂಧ್ರದ ಮಂಗಂಪೇಟೆಯಲ್ಲಿ ದೊಡ್ಡ ಗಣಿಯೇ ಇದೆ.) 3000 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಚದರ ಸೆಂಟಿಮೀಟರಿಗೆ ಸುಮಾರು 690 ಕಿಲೊ. ನೀರು ತುಂಬಿದರೆ ಒಳಗಿನಿಂದ ಒತ್ತುವುದು 300, ನೀರಿನ 1.2 ಪಟ್ಟು ತೂಗುವ ಮಡ್ ಆದರೆ 360. ಕೊರೆದು ತೆಗೆದ ಕಲ್ಲು ಹೊರುತ್ತಿದ್ದ ಒತ್ತಡವೆಲ್ಲ ತೂತಿನ ಅಂಚಿಗೆ ಬೀಳುತ್ತದೆ. ಮಡ್ ಹಗುರಾದರೆ ಗೋಡೆ ಚಕ್ಕೆಯೆದ್ದು ಉದುರಿ ಡ್ರಿಲ್ ಪೈಪು ಸಿಕ್ಕಿಕೊಳ್ಳುತ್ತದೆ. ಉದುರುವುದೂ ಸುತ್ತಲೂ ಅಲ್ಲ. ನೇರ ಬಾವಿಯಲ್ಲಿ ಅಡ್ಡ ಒತ್ತಡ ಕಡಿಮೆ ಇರುವ ದಿಕ್ಕಿನ ಎರಡು ಎದುರುಬದುರು ಬದಿಗಳಲ್ಲಿ. ಹಾಗಂತ ಬರೈಟ್ ಸುರಿಯುತ್ತಾ ಹೋದರೆ ಕಲ್ಲು ಸೀಳಿ ಮಡ್ ಅದರೊಳಗೆ ಸೋರುತ್ತದೆ, ಮಟ್ಟ ಇಳಿಯುತ್ತದೆ, ಅನಿಲ ಒಳನುಗ್ಗುತ್ತದೆ. ಗೋಡೆ ಉದುರಿಸುವ ಹಗುರ, ಕಲ್ಲು ಸೀಳುವ ಭಾರ, ಈ ಎರಡರ ನಡುವಿನ ಅಂತರ ಸಾಲದೆ ಬಂದ ಕಡೆ ಕೊರೆಯುವುದು ನಿಲ್ಲಿಸಿ ಕೇಸಿಂಗ್ ಇಳಿಸಲೇಬೇಕು. ಮುಂದಿನ ಪೈಪು ಹಿಂದಿನದರ ಒಳಗಿಂದಲೇ ಇಳಿಯಬೇಕು, ಕೆಳಗೆ ಹೋದಂತೆ ಪೈಪು ಸಣ್ಣದಾಗುವುದು ಅದಕ್ಕೇ.

ಉಕ್ಕಿಗೂ ಮಿತಿ ಇದೆ. 9⅝ ಇಂಚಿನ, ಅಡಿಗೆ 47 ಪೌಂಡ್ ತೂಗುವ ಎಲ್-80 ದರ್ಜೆಯ ಉಕ್ಕಿನ ಪೈಪು ಹೊರಗಿನಿಂದ ತಡೆಯುವುದು ಚದರ ಸೆಂಟಿಮೀಟರಿಗೆ ಸುಮಾರು 330 ಕಿಲೊ. ಹೊರಗೆ ಮಡ್ಡಿನ ಆ 360 ಇದ್ದು ಒಳಗೆ ಪೂರ್ತಿ ಖಾಲಿಯಾದರೆ ಚಪ್ಪಟೆ. ಒಳಗೆ ನೀರಿದ್ದರೆ ವ್ಯತ್ಯಾಸ ಬರೀ 60. ನಿಮ್ಮ ಪಿವಿಸಿ ಕೇಸಿಂಗಿಗೂ ಇದೇ ಲೆಕ್ಕ: ಹೊರಗೆ ಕೆಸರು ತುಂಬಿರುವಾಗ ಒಳಗಿನ ನೀರನ್ನೆಲ್ಲ ಕಂಪ್ರೆಸರಿನಲ್ಲಿ ಒಮ್ಮೆಲೇ ಎತ್ತಿಸಬೇಡಿ.

ಕೊಡಗಿನಲ್ಲೂ ಆಳಕ್ಕೆ ಕೊರೆದರೆ ಎಣ್ಣೆ ಸಿಗುತ್ತದಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಇಲ್ಲ. ಇಲ್ಲಿನ ನೈಸ್, ಚಾರ್ನೊಕೈಟ್ 300 ಕೋಟಿ ವರ್ಷಕ್ಕೂ ಹಳೆಯ, ನೆಲದಾಳದಲ್ಲಿ ಬೆಂದ ಕಲ್ಲುಗಳು. ಎಣ್ಣೆಯಾಗಲು ಬೇಕಾದ ಜೀವಿಗಳ ಕೆಸರು ಅವುಗಳಲ್ಲಿಲ್ಲ. ಬೋರಿನ ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ತಟ್ಟಿ ನೋಡಿ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾ. ಮತ್ತೆ ಕೂಡಿಕೊಂಡರೆ ಎಣ್ಣೆಯೇ, ಮೊದಲು ಸಬ್‌ಮರ್ಸಿಬಲ್ ಮೋಟರಿನ ಸೀಲ್ ನೋಡಿಸಿ.