ಜಿಪ್ ಫೈಲಿನ ಜೀವ ಬಾಲದಲ್ಲಿದೆ

ಹಲವು ಫೈಲುಗಳನ್ನು ಒಂದರಲ್ಲಿ ಕಟ್ಟಿಡುವ ಜಿಪ್ ಫೈಲನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡೋದು ನಾಲ್ಕೈದು ಸಾಲಿನ ಕೆಲಸ. ನಾನೂ ಹಾಗೇ ಒಂದು ಪ್ರೋಗ್ರಾಂ ಬರೆದಿದ್ದೆ. 200 ಫೋಟೋಗಳನ್ನು ಒಂದು ಜಿಪ್ಪಿಗೆ ಸೇರಿಸಿ ಬೇರೆ ಫೋಲ್ಡರಿಗೆ ಕಾಪಿ ಮಾಡಬೇಕಿತ್ತು. ಕಾಪಿ ಆಯಿತು. ಸೈಜ್ ಕೂಡ ಸರಿಯಾಗೇ ಕಾಣಿಸಿತು. ತೆರೆಯಲು ಹೋದರೆ ಮಾತ್ರ 'ಇದು ಜಿಪ್ ಫೈಲೇ ಅಲ್ಲ' ಅನ್ನೋ ಎರರ್!

ಫೋಟೋಗಳೆಲ್ಲ ಒಳಗೇ ಇದ್ದವು. ನಾನು ಮಾಡಿದ ತಪ್ಪು ಇಷ್ಟೇ: ಜಿಪ್ಪನ್ನು ಕ್ಲೋಸ್ ಮಾಡುವ ಮೊದಲೇ ಕಾಪಿ ಮಾಡಿದ್ದೆ. ಕ್ಲೋಸ್ ಅನ್ನೋದು ಸುಮ್ನೆ ಬಾಗಿಲು ಹಾಕುವ ಕೆಲಸ ಅಂದುಕೊಂಡಿದ್ದೆ. ಅಲ್ಲ. ಜಿಪ್ ಫೈಲಿನ ಅತಿ ಮುಖ್ಯ ಭಾಗ ಬರೆಯಲ್ಪಡುವುದೇ ಆಗ.

ಪರಿವಿಡಿ ಮೊದಲ ಪುಟದಲ್ಲಿರುತ್ತದೆ ಅಂತ ನಮಗೆ ರೂಢಿ. ಜಿಪ್ಪಿನಲ್ಲಿ ಅದು ಕೊನೆಯಲ್ಲಿದೆ. ಮೊದಲು ಒಂದು ಫೈಲಿನ ಚಿಕ್ಕ ತಲೆಬರಹ, ಹಿಂದೆಯೇ ಅದರ ಸರಕು. ಆಮೇಲೆ ಮುಂದಿನ ಫೈಲು. ಎಲ್ಲ ಮುಗಿದ ಮೇಲೆ ಪೂರ್ತಿ ಪಟ್ಟಿ: ಯಾವ ಹೆಸರು, ಎಷ್ಟು ಸೈಜು, ಎಷ್ಟನೇ ಬೈಟಿನಲ್ಲಿ ಶುರು. ಪಟ್ಟಿಯ ಹಿಂದೆ 22 ಬೈಟಿನ ಒಂದು ಚೀಟಿ. ಪಟ್ಟಿ ಎಲ್ಲಿದೆ, ಅದರಲ್ಲಿ ಎಷ್ಟು ಹೆಸರಿವೆ ಅಂತ ಹೇಳುವುದು ಆ ಚೀಟಿ. ತೆರೆಯುವಾಗ ಲೈಬ್ರರಿ (ಇಂಥ ಕೆಲಸಕ್ಕೆ ಮೊದಲೇ ಬರೆದಿಟ್ಟ ಕೋಡು) ನೇರವಾಗಿ ಫೈಲಿನ ಬಾಲಕ್ಕೆ ಓಡಿ ಅದನ್ನು ಹುಡುಕುತ್ತದೆ. ಚೀಟಿಯ ಹಿಂದೆ 65,535 ಬೈಟಿನವರೆಗೆ ಟಿಪ್ಪಣಿಯೂ ಇರಬಹುದು. ಹಾಗಾಗಿ ಕೊನೆಯಿಂದ ಹಿಂದಕ್ಕೆ ತಡಕಾಡಬೇಕು. ನನ್ನ ಫೈಲಿನಲ್ಲಿ ಸರಕೆಲ್ಲ ಇತ್ತು, ಚೀಟಿ ಇರಲಿಲ್ಲ.

ಇಷ್ಟು ತಲೆಕೆಳಗು ಯಾಕೆ? ಒಂದು ಫೈಲು ಹಿಂಡಿದ ಮೇಲೆ, ಅಂದರೆ ಕಂಪ್ರೆಸ್ ಮಾಡಿದ ಮೇಲೆ, ಎಷ್ಟಾಗುತ್ತದೆ ಅಂತ ಹಿಂಡಿಯೇ ತಿಳಿಯಬೇಕು. ಪುಸ್ತಕದ ಪದಸೂಚಿ ಹಾಗೇ ಅಲ್ವಾ? ಪುಟಗಳೆಲ್ಲ ಕೂತ ಮೇಲೇ ಅದಕ್ಕೆ ಪುಟಸಂಖ್ಯೆ ಸಿಗೋದು. ಇನ್ನೊಂದು ಲಾಭ, ಹೊಸದನ್ನು ಸೇರಿಸುವುದು. ಪಟ್ಟಿ ಮುಂದಿದ್ದು ಒಂದು ಹೆಸರು ಜಾಸ್ತಿಯಾದರೆ, ಸಾಲಿನ ಮೊದಲು ಯಾರೋ ನುಗ್ಗಿದಂತೆ, ಹಿಂದಿನವರೆಲ್ಲ ಸರಿಯಬೇಕು. ಕೊನೆಯಲ್ಲಿದ್ದರೆ ರೈಲಿನ ಗಾರ್ಡ್ ಡಬ್ಬಿಯಂತೆ: ಅದನ್ನು ಬಿಚ್ಚಿ, ಹೊಸ ಬೋಗಿ ಜೋಡಿಸಿ, ಮತ್ತೆ ಹಿಂದೆ ಕಟ್ಟಿದರಾಯಿತು. ಪೈಥಾನ್ ಮಾಡುವುದೂ ಅದನ್ನೇ. ಹಳೆ ಪಟ್ಟಿಯ ಜಾಗದಲ್ಲೇ ಹೊಸ ಫೈಲು ಬರೆದು, ಅದರ ಹಿಂದೆ ಪಟ್ಟಿಯನ್ನು ಮತ್ತೆ ಬರೆಯುತ್ತದೆ. ಆದರೆ ಅದೇ ಹೆಸರಿನ ಫೈಲನ್ನು ಮತ್ತೆ ಸೇರಿಸಿದರೆ ಹಳೆಯದು ಅಳಿಯುವುದಿಲ್ಲ, ಎರಡೂ ಒಳಗೇ ಇರುತ್ತವೆ. ಗುಟ್ಟಿನ ವಿಷಯ ತಿದ್ದಿ ಕಳಿಸುವವರು ಇದನ್ನು ಮರೆಯಲೇಬಾರದು.

ಜಿಪ್ ಫಾರ್ಮ್ಯಾಟನ್ನು ರೂಪಿಸಿದವರು ಫಿಲ್ ಕ್ಯಾಟ್ಜ್, 1989ರಲ್ಲಿ. ಅದಕ್ಕೂ ಮೊದಲು ಇನ್ನೊಬ್ಬರು ಮಾಡಿದ್ದ ಆರ್ಕ್ ಎಂಬ ಫಾರ್ಮ್ಯಾಟಿಗೆ ವೇಗದ ಪ್ರೋಗ್ರಾಂ ಬರೆದು ಕೋರ್ಟ್ ಕೇಸು ಹಾಕಿಸಿಕೊಂಡಿದ್ದರು. ಆಮೇಲೆ ತಮ್ಮದೇ ಫಾರ್ಮ್ಯಾಟ್ ಮಾಡಿದರು, ಅದರ ವಿವರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತು ವರ್ಡ್ ಡಾಕ್ಯುಮೆಂಟು, ಆಂಡ್ರಾಯ್ಡ್ ಆ್ಯಪು, ಇ-ಪಬ್ ಪುಸ್ತಕ ಎಲ್ಲವೂ ಒಳಗೆ ಜಿಪ್ಪೇ. ಯಾವುದನ್ನಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮೊದಲೆರಡು ಅಕ್ಷರ 'ಪಿ' ಮತ್ತು 'ಕೆ', ಕ್ಯಾಟ್ಜ್ ಅವರ ಇನಿಷಿಯಲ್.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಟಾರ್ ಫಾರ್ಮ್ಯಾಟ್ ಇನ್ನೂ ಹಳೆಯದು, ಅದರ ಹೆಸರಿನಲ್ಲೇ ಟೇಪ್ ಇದೆ (ಟೇಪ್ ಆರ್ಕೈವ್). ಟೇಪು ಒಂದೇ ದಿಕ್ಕಿಗೆ ಓಡುವ ವಸ್ತು, ಹಾಗಾಗಿ ಟಾರ್‌ನಲ್ಲಿ ಪಟ್ಟಿಯೇ ಇಲ್ಲ. ಪ್ರತಿ ಫೈಲಿನ ಮುಂದೆ 512 ಬೈಟಿನ ತಲೆಬರಹ, ಅಷ್ಟೇ. ಒಳಗೆ ಏನೇನಿದೆ ಅಂತ ತಿಳಿಯಲು ಮೊದಲಿಂದ ಕೊನೆವರೆಗೂ ನಡೆಯಬೇಕು. ಜಿಪ್ಪಿನಲ್ಲಿ ಹತ್ತು ಸಾವಿರ ಫೈಲಿದ್ದರೂ ಬೇಕಾದ ಒಂದಕ್ಕೆ ನೇರ ಜಿಗಿಯಬಹುದು.

ಇಂಥ ಫೈಲುಗಳ ಕಟ್ಟಿಗೆ ಆರ್ಕೈವ್ ಅಂತಾರೆ; ಆರ್ಕೈವ್ ಅಂದರೆ ಚಿಕ್ಕದಾಗಿಸೋದು ಅನ್ನುವ ನಂಬಿಕೆ ನನಗೆ ತುಂಬಾ ಬೇಸರ ತರಿಸುತ್ತದೆ. ಟಾರ್ ಏನನ್ನೂ ಹಿಂಡುವುದಿಲ್ಲ, ಕಟ್ಟುತ್ತದೆ ಅಷ್ಟೇ. ಪೈಥಾನ್‌ನ ಜಿಪ್‌ಫೈಲ್ ಲೈಬ್ರರಿ ಕೂಡ ನೀವು ಕೇಳದಿದ್ದರೆ ಹಿಂಡುವುದಿಲ್ಲ. ಡಿಫ್ಲೇಟ್ ಎಂಬ ಹಿಂಡುವ ವಿಧಾನ ಬೇಕು ಅಂತ ನೀವೇ ಹೇಳಬೇಕು. ಜೆಪೆಗ್ ಫೋಟೋಗಳನ್ನಂತೂ ಎಷ್ಟು ಸಲ ಜಿಪ್ ಮಾಡಿದರೂ ಇಳಿಯುವುದು ಅಷ್ಟಕ್ಕಷ್ಟೇ. ಅವು ಮೊದಲೇ ಹಿಂಡಿದವು.

ಬಿಡಿಸುವಾಗ ಒಂದು ಎಚ್ಚರ. ಒಳಗಿನ ಹೆಸರುಗಳಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಇಟ್ಟು 'ಮೇಲಿನ ಫೋಲ್ಡರಿಗೆ ಹೋಗು' ಅಂತ ಯಾರಾದರೂ ಬರೆದಿರಬಹುದು. ಅದನ್ನು ಹಾಗೇ ನಂಬುವ ಲೈಬ್ರರಿ ನಿಮ್ಮ ಬೇರೆ ಫೈಲುಗಳ ಮೇಲೇ ಬರೆದುಬಿಡುತ್ತದೆ. 2018ರಲ್ಲಿ 'ಜಿಪ್ ಸ್ಲಿಪ್' ಎಂಬ ಹೆಸರಿನಲ್ಲಿ ಹಲವಾರು ಲೈಬ್ರರಿಗಳಲ್ಲಿ ಬಯಲಾದದ್ದು ಇದೇ. ಪೈಥಾನ್‌ನ ಜಿಪ್‌ಫೈಲ್ ಅಂಥ ಚುಕ್ಕಿಗಳನ್ನು ಕಿತ್ತುಹಾಕುತ್ತದೆ. ಟಾರ್ ಬಿಡಿಸುವ ಟಾರ್‌ಫೈಲ್ ಲೈಬ್ರರಿಗೆ ಮಾತ್ರ, ಪೈಥಾನ್ 3.14ಕ್ಕಿಂತ ಹಳೆಯದಾಗಿದ್ದರೆ, ಇಂಥ ಹೆಸರುಗಳನ್ನು ತಡೆಯುವ 'ಡೇಟಾ' ಫಿಲ್ಟರ್ ಹಾಕಲು ನೀವೇ ಹೇಳಿ.

ಬಾಲವಿಲ್ಲದ ಆ ಫೈಲನ್ನು ನಾನು ಅಳಿಸಲಿಲ್ಲ. ಪ್ರತಿ ಫೋಟೋದ ಮುಂದೆ ಅದರದ್ದೇ ತಲೆಬರಹ ಇತ್ತಲ್ಲ, ಅದೂ 'ಪಿಕೆ'ಯಿಂದಲೇ ಶುರುವಾಗುತ್ತದೆ. ಜಿಪ್ ಕಮಾಂಡಿಗೆ ಎರಡು 'ಎಫ್' ಕೊಟ್ಟರೆ ಅದು ಮೊದಲಿಂದ ಒಂದೊಂದೇ 'ಪಿಕೆ' ಹುಡುಕುತ್ತಾ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಸ್ವಲ್ಪ ಹೊತ್ತಿನಲ್ಲಿ 200 ಫೋಟೋಗಳೂ ಬಂದವು.